ಚೌಕಿಯ ಒಳಬಾಗಿಲು

ಕುರೆಸಾಕಿ
ಹೇಸೇ ಇಪ್ಪತ್ತನೆಯ ವರ್ಷ (೨೦೦೮), ನವೆಂಬರ್ ೧೪

ಮಗಳು ಚಿನಾತ್ಸುಗೆ ಅಮ್ಮನ ಪ್ರೀತಿಯ ಆಶೀರ್ವಾದಗಳು.

ಏಡಿ ಹಿಡಿಯುವ ದೋಣಿಗಳು ಈ ವಾರ ಸಮುದ್ರಕ್ಕಿಳಿದಿವೆ. ಬಂದರಿನ ತುಂಬ ಏಡಿ ಬೇಯಿಸುವ ಹಬೆ. ಗಾಳಿ ಆಗಲೇ ಹಲ್ಲು ಕಡಿಯುವಷ್ಟು ತಣ್ಣಗಾಗಿದೆ. ಋತುವಿನ ಮಾತು ಇಷ್ಟು ಸಾಕು, ನೀನು ಹೇಗೂ ಪತ್ರದ ಮೊದಲ ಸಾಲುಗಳನ್ನು ಹಾರಿಸಿ ಓದುವವಳು.

ನೀನು ಕಳಿಸಿದ ಹೊಸ ಪೊಲೀಸ್ ಚೌಕಿಯ ನಕ್ಷೆ ಬಂತು. ಜೊತೆಗಿದ್ದ ನಿನ್ನ ಕಾಗದವನ್ನೂ ಓದಿದೆ. ಅದು ಎಷ್ಟು ಚಿಕ್ಕದಾಗಿತ್ತೆಂದರೆ ಎರಡು ಸಲ ಓದಬೇಕಾಯಿತು, ಮೊದಲ ಸಲ ಓದಿದೆನೋ ಇಲ್ಲವೋ ಎಂದೇ ಅನುಮಾನ ಬಂತು. ಹಳೆಯ ಚೌಕಿಯನ್ನು ಬರುವ ತಿಂಗಳು ಕೆಡವುತ್ತಾರೆ, ಹೊಸದರ ನಕ್ಷೆ ಹಾಕುವ ಕೆಲಸ ನಿನ್ನ ಪಾಲಿಗೆ ಬಂದಿದೆ, ಅಲ್ಲಿ ಅಷ್ಟು ವರ್ಷ ಬಾಳಿದವಳಾಗಿ ಅಮ್ಮ ಏನು ಹೇಳುತ್ತಾಳೆ ಎಂದು ಕೇಳಿದ್ದೀಯ. ಅಪ್ಪ ಹೇಗಿದ್ದಾರೆ ಎಂದು ಕೇಳಿಲ್ಲ. ಇರಲಿ, ಮೊದಲು ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ನಕ್ಷೆಯನ್ನು ಮೊದಲು ತಲೆಕೆಳಗಾಗಿ ಹಿಡಿದು ನೋಡಿದೆ. ಬಚ್ಚಲುಮನೆ ರಸ್ತೆಗೇ ಬಂದು ಕೂತಿತ್ತು. ಓಸಾಕಾದಲ್ಲಿ ಈಗ ಹೀಗೇ ಕಟ್ಟುತ್ತಾರೇನೋ ಎಂದು ಗಾಬರಿಯಾಯಿತು. ಆಮೇಲೆ ತೋಫು ಅಂಗಡಿಯ ಇಸೆ ಬಂದು ಹಾಳೆಯನ್ನು ತಿರುಗಿಸಿಟ್ಟಳು. ಅವಳಿಗೂ ಪೂರ್ತಿ ಅರ್ಥವಾಗಲಿಲ್ಲ, ಆದರೆ ಅಭಿಪ್ರಾಯಕ್ಕೆ ಕೊರತೆಯಿಲ್ಲ. ಮುಂದಿನ ಗೋಡೆಯೆಲ್ಲ ಗಾಜು ಎಂದು ನಾನು ಹೇಳಿದ್ದೇ ತಡ, "ಅಯ್ಯೋ ಚೌಕಿಯಮ್ಮ, ಇದೊಳ್ಳೆ ಮೀನು ಪೆಟ್ಟಿಗೆ ಥರ ಐತಲ್ಲ! ಪೊಲೀಸ್ನೋರು ಒಳಗೆ ಐಸ್ ಹಾಕ್ಕೊಂಡು ಕೂತ್ಕೋತಾರಾ?" ಅಂದಳು. ಇದು ನಿನ್ನದೇ ಕೈಚಳಕ ಅಂತ ಗೊತ್ತಾದ ಮೇಲೆ, "ಚೆನ್ನಾಗೇ ಐತೆ ಬಿಡು. ಸಮುದ್ರ ಕಾಣ್ತದೆ," ಎಂದು ಮಾತು ಬದಲಿಸಿದಳು. ಅವಳಿಗೆ ನಿನ್ನ ಮೇಲೆ ಇನ್ನೂ ಅದೇ ಪ್ರೀತಿ.

ನನಗೆ ಅದರಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ನೀನು ನಡುವೆ ಎಳೆದಿರುವ ಗೋಡೆ. ರಸ್ತೆಯ ಕಡೆಗೆ ಕಚೇರಿ. ಹಿಂದೆ ಪೊಲೀಸರ ಸಂಸಾರಕ್ಕೆ ಮನೆ. ಮನೆಗೆ ದೇವಸ್ಥಾನದ ಓಣಿಯಿಂದ ಬೇರೆ ಬಾಗಿಲು. ಎರಡರ ನಡುವೆ ಗೋಡೆ, ಆ ಗೋಡೆಯ ಪಕ್ಕದಲ್ಲಿ ನಿನ್ನದೇ ಚಿಕ್ಕ ಅಕ್ಷರದಲ್ಲಿ, ಮನೆಗೂ ಕಚೇರಿಗೂ ಒಳಗಿನಿಂದ ದಾರಿ ಇಲ್ಲ ಎಂದು ಬರೆದಿದ್ದೀಯ. ಅದನ್ನು ಬರೆಯುವಾಗ ಪೆನ್ಸಿಲನ್ನು ಒತ್ತಿ ಹಿಡಿದಿದ್ದೆ ಎಂದು ಕಾಣುತ್ತದೆ.

ಗೋಡೆ ಸರಿಯಾಗಿದೆ. ಹಾಗೇ ಇರಲಿ. ನನ್ನ ಕಾಲದಲ್ಲಿ ಆ ಗೋಡೆಯೊಂದಿದ್ದರೆ ನಾನು ಇನ್ನೂ ಸ್ವಲ್ಪ ಒಳ್ಳೆಯ ಹೆಂಗಸಾಗಿರುತ್ತಿದ್ದೆ. ಪಟ್ಟಣದ ಚೌಕಿಗಳಲ್ಲಿ ಪಾಳಿ ಮುಗಿದರೆ ಪೊಲೀಸರು ಮನೆಗೆ ಹೋಗುತ್ತಾರೆ. ನಮ್ಮದು ಮನೆಯೇ ಚೌಕಿ. ಎಲ್ಲಿಂದ ಎಲ್ಲಿಗೆ ಹೋಗುವುದು? ಆ ಸರಿಯುವ ಬಾಗಿಲು ಒಂದಿತ್ತಲ್ಲ, ಕಚೇರಿಯ ಸಿಮೆಂಟು ನೆಲಕ್ಕೂ ನಮ್ಮ ಚಾಪೆ ಹಾಸಿದ ಕೋಣೆಗೂ ನಡುವೆ, ಅದು ಬಾಗಿಲೇ ಅಲ್ಲ, ಊರಿನ ಹೆದ್ದಾರಿ. ಕುಡಿದು ಬಂದ ಬಲೆಗಾರ ಗೊಂಝೋ ಎಷ್ಟು ಸಲ ಅದನ್ನು ಸರಿಸಿಕೊಂಡು ಬಂದು ನನ್ನ ಅಡುಗೆಮನೆಯಲ್ಲಿ ಮಲಗಿಲ್ಲ! "ಚೌಕಿಯಮ್ಮ, ಒಂದ್ಲೋಟ ನೀರು ಕೊಡವ್ವ, ಆಮೇಲೆ ಅರೆಸ್ಟ್ ಮಾಡು," ಅನ್ನುವನು. ಯಾರಿಗೋ ಸಿಕ್ಕಿದ ಕಟ್ಟುಹಲ್ಲು ನನ್ನ ಚಹಾ ಬಟ್ಟಲುಗಳ ಪಕ್ಕದಲ್ಲಿ ವಾರಗಟ್ಟಲೆ ಕೂತಿತ್ತು. ಒಮ್ಮೆ ಬಸ್ಸಿನಲ್ಲಿ ಯಾರೋ ಅಸ್ಥಿಯ ಕುಡಿಕೆಯನ್ನೇ ಮರೆತು ಹೋಗಿ, ಅದು ಕಚೇರಿಗೆ ಬಂತು. ಸತ್ತವರನ್ನು ಮೇಜಿನ ಕೆಳಗಿಡುವುದು ಹೇಗೆ ಎಂದು ನಿನ್ನಪ್ಪ ತಂದು ನಮ್ಮ ಕೋಣೆಯಲ್ಲಿ ಇಟ್ಟರು. ಯಾರದೋ ಮನೆಯ ಅಜ್ಜನಿಗೆ ನಾನು ಬೆಳಿಗ್ಗೆ ಅನ್ನ, ಸಂಜೆ ಊದುಬತ್ತಿ. ಕುಟುಂಬದವರು ಬಂದು ಕರೆದೊಯ್ದ ದಿನ ನೀನು ಅತ್ತಿದ್ದೆ, ಅಜ್ಜ ಹೋದರು ಎಂದು.

ಇನ್ನು ಆ ಕೆಂಪು ದೀಪ. ಮುಂಬಾಗಿಲ ಮೇಲಿನ ಗುಂಡು ದೀಪ. ರಾತ್ರಿಯಿಡೀ ಉರಿದು, ಒಳಬಾಗಿಲ ಮೇಲಿನ ಜಾಲಂಧ್ರದಿಂದ ನಮ್ಮ ಹಾಸಿಗೆಯ ಮೇಲೆ ಬೀಳುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಒಂದು ಬಟ್ಟೆ ಹೊಲಿದು ಜಾಲಂಧ್ರಕ್ಕೆ ಕಟ್ಟಿದೆ. ನಿನ್ನಪ್ಪ ಬಿಚ್ಚಿಹಾಕಿದರು. "ದೀಪ ಊರಿಗೆ ಕಾಣ್ಬೇಕು ಕಣೇ," ಎಂದರು. "ಊರು ಆ ಕಡೆ ಇದೆ ಕಣ್ರೀ, ನಾನು ಈ ಕಡೆ ಇದೀನಿ," ಎಂದೆ. ಅವರಿಗೆ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ಸುಮ್ಮನಿದ್ದರೋ. ಆ ಮನುಷ್ಯನ ಬಗ್ಗೆ ಈ ಎರಡರಲ್ಲಿ ಯಾವುದು ಎಂದು ನನಗೆ ಕೊನೆಗೂ ಗೊತ್ತಾಗಲಿಲ್ಲ.

ಬಾಗಿಲಿನದೇ ಇನ್ನೊಂದು ಜಗಳವಿತ್ತು. ಗಸ್ತಿಗೆ ಹೊರಡುವಾಗ ಅವರು ಅದನ್ನು ಪೂರ್ತಿ ಮುಚ್ಚುತ್ತಿರಲಿಲ್ಲ. ಒಂದು ಗೇಣು ಬಿಟ್ಟೇ ಹೋಗುವರು. ಸಮುದ್ರದ ಚಳಿಯೆಲ್ಲ ಆ ಸಂದಿನಿಂದ ಒಳಗೆ. "ಬಾಗ್ಲು ಹಾಕ್ಕೊಂಡ್ ಹೋಗ್ರೀ," ಎಂದು ನಾನು ಕೂಗುವುದು, "ಇರ್ಲಿ ಬಿಡೇ," ಎಂದು ಅವರು ಸೈಕಲ್ ಏರುವುದು, ನಾನು ಬೈದುಕೊಂಡು ಎದ್ದು ಹೋಗಿ ಮುಚ್ಚುವುದು. ವರ್ಷಗಟ್ಟಲೆ ನಡೆದ ನಾಟಕ. ನಿನ್ನ ಗೋಡೆಯಿದ್ದರೆ ಆ ರಗಳೆಯೇ ಇಲ್ಲ.

ಆದರೂ ಪೂರ್ತಿ ದೂರುವುದು ಬೇಡ. ಆ ಬಾಗಿಲಿನಿಂದ ನನಗೊಂದು ಸುಖವೂ ಇತ್ತು. ಮೇಜಿನ ಮೇಲೆ ಹಲಗೆಯೊಂದು ಇರುತ್ತಿತ್ತು ನೋಡು, ಗಸ್ತಿಗೆ ಹೋಗುವಾಗ ಇಟ್ಟು ಹೋಗುವುದು. ಎಲ್ಲ ಚೌಕಿಗಳಲ್ಲೂ ಅದೇ ಹಲಗೆ, ಅದೇ ಮಾತು, 'ತದಾಯಿಮಾ ಗಸ್ತಿನಲ್ಲಿ', ಪಕ್ಕದಲ್ಲಿ ಫೋನು. ಅದು ರಸ್ತೆಗೆ ಕಾಣುವ ಮುಖ. ಹಿಂಬದಿ ನಮ್ಮ ಮನೆಯ ಕಡೆಗೆ. ಆ ಹಿಂಬದಿಯಲ್ಲಿ ನಿನ್ನಪ್ಪ ಕುಂಚದಲ್ಲಿ ದಪ್ಪಗೆ 'ಇನ್ನೂ ಇಲ್ಲ' ಎಂದು ಬರೆದಿದ್ದರು. ಎರಡೇ ಪದದ ಮಾತು. ಹಲಗೆ ಹಿಂದಕ್ಕೆ ವಾಲಿರುತ್ತಿದ್ದುದರಿಂದ ನಾನು ಸೊಂಟ ಬಗ್ಗಿಸಿ ಓದಬೇಕಿತ್ತು. ಇನ್ನೂ ಬಂದಿಲ್ಲ, ಅನ್ನಕ್ಕಿಡಬೇಡ ಎಂದರ್ಥ. ಬಾಗಿಲಿಂದ ಇಣುಕಿ, ಹಲಗೆ ಇದ್ದರೆ ಒಲೆ ಹಚ್ಚುತ್ತಿರಲಿಲ್ಲ. ಬಾಯಿಬಿಟ್ಟು ಒಂದು ಒಳ್ಳೆಯ ಮಾತಾಡದ ಗಂಡ, ಹೆಂಡತಿ ಮಾಡಿದ ಅಡುಗೆ ಆರಿಹೋಗಬಾರದು ಎಂದು ಇಷ್ಟಾದರೂ ಯೋಚಿಸಿದರಲ್ಲ. ಮೇಲಿನ ಅಧಿಕಾರಿ ತಪಾಸಣೆಗೆ ಬಂದಾಗ, ಸರ್ಕಾರದ ಹಲಗೆಯ ಮೇಲೆ ಬರೆದಿದ್ದಕ್ಕೆ ಬೈಸಿಕೊಂಡರೂ ಅಳಿಸಲಿಲ್ಲ. ಆ ಎರಡು ಪದಗಳ ಬಲದ ಮೇಲೆ ನಾನು ಸಂಸಾರ ತೂಗಿಸಿದೆ ಎಂದರೂ ನಡೆಯುತ್ತದೆ.

ಹಲಗೆಯ ಮಾತು ಬಂತು. ಇನ್ನು ಆ ದಿನದ ಮಾತನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ನಾವಿಬ್ಬರೂ ಅದನ್ನು ಒಮ್ಮೆಯೂ ಕೂತು ಆಡಿಲ್ಲ. ನಾನು ಆಗ ಊರಿನಲ್ಲಿರಲಿಲ್ಲ, ಸೊಂಟ ಮುರಿದುಕೊಂಡ ನಿನ್ನ ಅಜ್ಜಿಯ ಆರೈಕೆಗೆ ತವರಿಗೆ ಹೋಗಿದ್ದೆ. ನೀನು ಶಿಶುವಿಹಾರದ ಕೊನೆಯ ವರ್ಷ. ಆಗಷ್ಟೇ ಅಕ್ಷರ ಕೂಡಿಸುತ್ತಿದ್ದೆ, ಮಕ್ಕಳು ಮೊದಲು ಕಲಿಯುವ ದುಂಡು ಅಕ್ಷರಗಳನ್ನು. ದೊಡ್ಡವರ ಕಠಿಣ ಅಕ್ಷರಗಳು ಇನ್ನೂ ದೂರವಿದ್ದವು. ಇಸೆ ನಿನ್ನನ್ನು ಶಿಶುವಿಹಾರದಿಂದ ಕರೆತಂದು ಚೌಕಿಯ ಬಾಗಿಲಲ್ಲಿ ಬಿಟ್ಟು, ಅಪ್ಪ ಒಳಗೇ ಇದ್ದಾರೆಂದುಕೊಂಡು ಅಂಗಡಿಗೆ ಹೋದಳು. ಒಳಗೆ ಯಾರೂ ಇರಲಿಲ್ಲ. ಹಲಗೆ ಇತ್ತು. ನೀನು ಅದರ ದುಂಡು ಅಕ್ಷರಗಳನ್ನು ಕೂಡಿಸಿ ಓದಿದೆ. ತ, ದಾ, ಯಿ, ಮಾ.

ಈಗ ಯೋಚಿಸಿದರೆ ಆ ಮಾತೇ ಒಂದು ವಿಚಿತ್ರ. ಮನೆಗೆ ಬಂದವರು ಹೊಸ್ತಿಲಲ್ಲಿ ನಿಂತು 'ತದಾಯಿಮಾ' ಎಂದರೆ, ಬಂದೆ, ಮನೆಗೆ ಬಂದೆ ಎಂದು. ಅದೇ ಮಾತು ಹಲಗೆಯ ಮೇಲೆ ಕೂತರೆ ಬರೀ 'ಸದ್ಯಕ್ಕೆ' ಎಂದು, ಸದ್ಯಕ್ಕೆ ಗಸ್ತಿನಲ್ಲಿದ್ದೇನೆ, ಅಂದರೆ ಇಲ್ಲಿ ಇಲ್ಲ. ಮುಂದಿನ ಕಠಿಣ ಅಕ್ಷರಗಳು ನಿನಗೆ ಬರುತ್ತಿರಲಿಲ್ಲ. ಬಂದಷ್ಟನ್ನು ಓದಿದೆ. ಅಪ್ಪ ಬಂದಿದ್ದಾರೆ! ನೀನು ನಿನ್ನಷ್ಟಕ್ಕೆ ನೀನೇ ಓದಿದ ಮೊದಲ ಮಾತು ಅದೇ ಇರಬೇಕು. "ಬಂದ್ಯಾ ಅಪ್ಪಾ!" ಎಂದು ನೀನು ಕೂಗಿದ್ದು ಬೀದಿಯವರೆಗೂ ಕೇಳಿಸಿತಂತೆ. ಉತ್ತರವಿಲ್ಲ. ಅಡಗಿಕೊಂಡಿದ್ದಾರೆ ಎಂದುಕೊಂಡು ಬಚ್ಚಲು, ಅಡುಗೆಮನೆ, ಅಟ್ಟ ಎಲ್ಲ ಹುಡುಕಿದೆ. ಸಿಗದಿದ್ದಾಗ, ಈಗ ಅಪ್ಪನೇ ಹುಡುಕಲಿ ಎಂದು ಹಾಸಿಗೆ ಇಡುವ ಗೂಡಿನೊಳಗೆ ಹೊಕ್ಕು ಬಾಗಿಲು ಎಳೆದುಕೊಂಡೆ. ಅಲ್ಲೇ ನಿದ್ದೆ ಹೋದೆ.

ಆ ಮಧ್ಯಾಹ್ನ ಊರೇ ನಿನ್ನನ್ನು ಹುಡುಕಿತು. ದೋಣಿಗಳನ್ನು ಇಳಿಸಿದರು. ಗೊಂಝೋ ಕುಡಿದ ಮತ್ತಿನಲ್ಲೇ ಬಂದರಿನ ನೀರಿಗೆ ಹಾರಿದನಂತೆ. ಇಸೆ ಅಳುತ್ತ ದೇವಸ್ಥಾನದ ಗಂಟೆ ಬಾರಿಸಿದಳು. ನಿನ್ನಪ್ಪ ದಕ್ಕೆಯ ಕಲ್ಲುಗಳ ಮೇಲೆ ಓಡಾಡುತ್ತಿದ್ದುದನ್ನು ನೋಡಿದವರು ಈಗಲೂ ಹೇಳುತ್ತಾರೆ, ಟೋಪಿ ಎಲ್ಲೋ, ಮನುಷ್ಯ ಎಲ್ಲೋ. ಕೊನೆಗೆ ನೀನು ಗೂಡಿನಿಂದ ಕಣ್ಣುಜ್ಜಿಕೊಂಡು ಎದ್ದು ಬಂದೆ. ಊರೆಲ್ಲ ಕಚೇರಿಯ ಮುಂದೆ ನಿಂತಿತ್ತು.

ಅವರು ಆಗ ನಿನ್ನನ್ನು ಎತ್ತಿಕೊಂಡಿದ್ದರೆ! ಇಷ್ಟು ವರ್ಷ ನಾನು ಅದನ್ನೇ ಅಂದುಕೊಂಡಿದ್ದೇನೆ. ಎತ್ತಿಕೊಳ್ಳಬೇಕಾದ ಕೈ ನಿನ್ನ ಕತ್ತು ಹಿಡಿದು ಬಗ್ಗಿಸಿತು. ಪೊಲೀಸಿನವನ ಮಗು ಊರಿಗೆ ತೊಂದರೆ ಕೊಟ್ಟಿತು ಎಂದು ಅವರಿಗೆ ನಾಚಿಕೆ. ನಿನ್ನ ಕೈ ಹಿಡಿದು ಮನೆಮನೆಗೆ ಕರೆದೊಯ್ದರು. ಪ್ರತಿ ಹೊಸ್ತಿಲಲ್ಲೂ ತಾವೂ ಬಾಗಿ, ನಿನ್ನ ತಲೆಯನ್ನೂ ಒತ್ತಿ ಬಾಗಿಸಿದರು. ಜನ "ಬಿಡಿ ಚೌಕಿಯಪ್ಪ, ಮಗು ಸಿಕ್ತಲ್ಲ, ಅಷ್ಟೇ ಸಾಕು," ಎಂದು ಅಂಗಲಾಚಿದರೂ ಒಂದು ಮನೆಯನ್ನೂ ಬಿಡಲಿಲ್ಲ. "ಬಂದಿದೀನಿ ಅಂತ ನೀನೇ ಬರೆದಿದ್ದೆ. ಸುಳ್ಳು ಬರೆದಿದ್ದೆ," ಎಂದು ನೀನು ದಾರಿಯುದ್ದಕ್ಕೂ ಅಂದೆಯಂತೆ. "ಪೊಲೀಸ್ರು ಸುಳ್ಳು ಬರೆಯಲ್ಲ," ಎಂದರಂತೆ ಅವರು. ನೀನು ಹೇಳುತ್ತಿರುವುದು ಏನೆಂದು ಆ ತಲೆಗೆ ಹೊಳೆಯಲೇ ಇಲ್ಲ. ನಾನು ತವರಿನಿಂದ ಬಂದು, ನಿನಗೆ ನೀರು ಹಾಕುವಾಗ ನೀನು ಹೇಳಿದ್ದನ್ನು ಕೇಳಿ, ಹೋಗಿ ಅವರಿಗೆ ಬಿಡಿಸಿ ಹೇಳಿದೆ. ಅವರು ಹಲಗೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಮಗಳ ಹತ್ತಿರ ಒಂದು ಮಾತಾಡ್ರೀ ಎಂದರೆ, ಬೂಟು ಹಾಕಿಕೊಂಡು ಹೊರಗೆ ಹೋದರು.

ಅಂದಿನಿಂದ ನೀನು ಆ ಒಳಬಾಗಿಲನ್ನು ಮುಟ್ಟಲಿಲ್ಲ. ಕಚೇರಿಗೆ ಕಾಲಿಡಲಿಲ್ಲ. ಸ್ಕೂಲಿಗೆ ಹೋಗುವುದೂ ಬರುವುದೂ ಅಡುಗೆಮನೆಯ ಹಿಂಬಾಗಿಲಿನಿಂದ, ಮಳೆ ಬರಲಿ, ಹಿಮ ಬೀಳಲಿ, ಮನೆಯನ್ನು ಸುತ್ತಿಕೊಂಡು. ನಿನಗೆ ಹಟ ಯಾರಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಾಗಿಲ್ಲ. ಮನೆಯಲ್ಲಿ ಹಟಮಾರಿಗಳು ಇಬ್ಬರಾದರೆ ಮೂರನೆಯವಳ ಪಾಡು ಏನು ಹೇಳು? ಇತ್ತ ಕಡೆಯ ಮಾತನ್ನು ಅತ್ತ ಸಾಗಿಸುವುದೇ ನನ್ನ ಉದ್ಯೋಗವಾಯಿತು.

ಓಸಾಕಾಕ್ಕೆ ಓದಲು ಹೊರಟ ದಿನ ನೀನು ಹಿಂಬಾಗಿಲಲ್ಲಿ ನಿಂತು ಹೇಳಿದ ಮಾತು ನೆನಪಿದೆಯಾ? ಅಪ್ಪನಿಗೆ ಹೇಳಿ ಹೋಗೇ ಎಂದು ನಾನು ಕೇಳಿಕೊಂಡೆ. "ಯಾರಿಗೆ ಹೇಳ್ಲಿ? ಈ ಮನೇಲಿ ಅಪ್ಪ ಅಂದ್ರೆ ಒಂದು ಹಲಗೆ. ಹಲಗೆಗೆ ಹೇಳಿ ಹೋಗ್ಲಾ?" ಎಂದೆ. ಅವರು ಒಳಬಾಗಿಲಿನ ಆಚೆಗೆ ನಿಂತಿದ್ದರು, ಚಿನಾತ್ಸು. ಅದು ನಿನಗೆ ಗೊತ್ತಿತ್ತೋ ಇಲ್ಲವೋ ನಾನು ಕೇಳುವುದಿಲ್ಲ. ನಿನ್ನ ಬಸ್ಸು ತಿರುವು ದಾಟುವವರೆಗೂ ಅವರು ಕೆಂಪು ದೀಪದ ಕೆಳಗೆ ಸೆಲ್ಯೂಟ್ ಹೊಡೆದುಕೊಂಡು ನಿಂತಿದ್ದರು. ಬೇರೆ ಯಾವುದೇ ರೀತಿಯಲ್ಲಿ ವಿದಾಯ ಹೇಳಲು ಅವರಿಗೆ ಬರುತ್ತಿರಲಿಲ್ಲ. ನೀನು ತಿರುಗಿ ನೋಡಲಿಲ್ಲ.

ಆಮೇಲೆ ನೀನು ಬಂದದ್ದು ನನ್ನನ್ನು ನೋಡಲು, ಅದೂ ಬಿಸಿನೀರಿನ ಬುಗ್ಗೆಯ ಊರಿನ ಹೋಟೆಲಿಗೆ. ನನಗೆ ಸ್ನಾನ, ಒಳ್ಳೆಯ ಊಟ, ರೇಷ್ಮೆಯ ಚೌಕ. ಎಲ್ಲಕ್ಕೂ ಖುಷಿಪಟ್ಟಿದ್ದೇನೆ, ಇಲ್ಲವೆನ್ನುವುದಿಲ್ಲ. ಮನೆಗೆ ಮರಳಿದಾಗ ನಿನ್ನಪ್ಪ ಪೇಪರಿನಿಂದ ಕಣ್ಣೆತ್ತದೆ, "ಸಣ್ಣಗಾಗಿದಾಳಾ?" ಎಂದು ಕೇಳುವರು. "ದಪ್ಪ ಆಗಿದಾಳೆ," ಎನ್ನುತ್ತಿದ್ದೆ. "ಒಳ್ಳೇದಾಯ್ತು," ಎಂದು ಹಾಳೆ ಮಗುಚುವರು. ಅವರು ನಿವೃತ್ತರಾಗಿ, ನಾವು ಚೌಕಿ ಬಿಟ್ಟು ಇಸೆಯ ಅಂಗಡಿಯ ಹಿಂದಿನ ಮನೆಗೆ ಬಂದಾಗಲೂ ನೀನು ಬರಲಿಲ್ಲ. ಈಗ ಜಾಗದ ಅಳತೆಗೆ ಸಹ ನಿನ್ನ ಆಫೀಸಿನ ಹುಡುಗಿಯನ್ನು ಕಳಿಸಿದೆ. ಆ ಹುಡುಗಿ ಬಹಳ ಮರ್ಯಾದಸ್ಥೆ. "ಮೇಡಂಗೆ ಈ ಜಾಗ ಕಣ್ಣು ಮುಚ್ಚಿದ್ರೂ ಗೊತ್ತಂತೆ," ಎಂದಳು. ಕಣ್ಣು ಮುಚ್ಚಿಕೊಂಡು ಎಷ್ಟು ಗೊತ್ತಾಗುತ್ತದೆ ಮಗಳೇ?

ಈಗ ನೀನು ಕೇಳದೇ ಬಿಟ್ಟದ್ದಕ್ಕೆ ಉತ್ತರ.

ನಿನ್ನಪ್ಪ ಚೆನ್ನಾಗಿಲ್ಲ, ಈಗಲೂ ಆಸ್ಪತ್ರೆಯಲ್ಲೇ ಇದ್ದಾರೆ. ಲಕ್ವ ಹೊಡೆದಾಗ ನಾನು ಫೋನಿನಲ್ಲಿ, ಗಾಬರಿ ಏನಿಲ್ಲ ಎಂದಿದ್ದೆ. ಗಾಬರಿ ಇತ್ತು. ನೀನು ಕಳಿಸಿದ ಹಣ್ಣಿನ ಬುಟ್ಟಿ ಬಂದಾಗ ಅವರಿಗೆ ನುಂಗಲೂ ಆಗುತ್ತಿರಲಿಲ್ಲ. ಬಲಗೈ ಹೋಗಿದೆ, ಮಾತೂ ಹೋಗಿದೆ. ಉಳಿದಿರುವುದು ಒಂದು 'ಹೂಂ', ಮತ್ತು ನಿನಗೆ ನಗು ಬರುತ್ತದೆ, ಒಂದು 'ಇನ್ನೂ ಇಲ್ಲ'. ಇಷ್ಟು ಮಾತುಗಳಿರುವಾಗ ಇದೇ ಏಕೆ ಉಳಿಯಿತೋ. ನರ್ಸು ಊಟದ ತಟ್ಟೆ ತಂದರೆ "ಇನ್ನೂ ಇಲ್ಲ". ಡಾಕ್ಟರು ಬಂದರೆ "ಇನ್ನೂ ಇಲ್ಲ". ನಾನು ಬಾಗಿಲು ಸರಿಸಿ ಒಳಗೆ ಹೋದರೂ ನನ್ನನ್ನು ನೋಡಿ, "ಇನ್ನೂ ಇಲ್ಲ". ಹಸಿವಿಲ್ಲ ಅಂತ, ನಮ್ಮ ಮನೆ ಭಾಷೆ ಇದು ಎಂದು ನಾನೇ ನರ್ಸುಗಳಿಗೆ ಅರ್ಥ ಹೇಳಿಕೊಟ್ಟಿದ್ದೇನೆ. ಅವರು ಪಾಪ ತಟ್ಟೆಯನ್ನು ವಾಪಸ್ಸು ತೆಗೆದುಕೊಂಡು ಹೋಗಿ, ಆಮೇಲೆ ಬಿಸಿ ಮಾಡಿ ತರುತ್ತಾರೆ. ಇನ್ನೊಂದು ಸಲ ಹೊಡೆದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಚಳಿಗಾಲ ದಾಟುವ ಭರವಸೆ ಕೊಡಲಿಲ್ಲ.

ಅದಕ್ಕೇ ಬರೆಯುತ್ತಿದ್ದೇನೆ. ಬಂದು ಅವರನ್ನು ಒಮ್ಮೆ ನೋಡು. ಕ್ಷಮಿಸು ಎಂದು ನಾನು ಹೇಳುವುದಿಲ್ಲ, ಅದನ್ನು ಕೇಳುವ ಹಕ್ಕು ಇದ್ದವರಿಗೆ ಈಗ ಬಾಯಿಲ್ಲ. ಕೆಡವುವ ಮುಂಚೆ ಒಂದು ಭಾನುವಾರ ಹಳೆಯ ಚೌಕಿಯನ್ನು ಊರವರಿಗೆ ನೋಡಲು ತೆರೆದಿಡುತ್ತಾರಂತೆ. ಕೆಲಸದ ನೆಪ ಬೇಕಿದ್ದರೆ ಅದೇ ನೆಪವಾಗಲಿ. ಆಸ್ಪತ್ರೆಗೆ ಅಲ್ಲಿಂದ ಒಂದೇ ಬಸ್ಸು.

ಬರದಿದ್ದರೂ ನಾನು ಬೇಜಾರು ಮಾಡಿಕೊಳ್ಳುವುದಿಲ್ಲ ಎಂದು ಬರೆಯಲು ಹೋದೆ. ಸುಳ್ಳಾಗುತ್ತದೆ. ಮಾಡಿಕೊಳ್ಳುತ್ತೇನೆ.

ಮತ್ತೆ ನಕ್ಷೆಯ ಬಗ್ಗೆ: ಗೋಡೆ ಹಾಗೇ ಇರಲಿ. ಬರುವ ಪೊಲೀಸರ ಹೆಂಡತಿ ನಿನಗೆ ಕೈಮುಗಿಯುತ್ತಾಳೆ. ಅಡುಗೆಮನೆಯ ಕಿಟಕಿಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡು.

ಕೊರಳಿಗೆ ಬೆಚ್ಚಗೆ ಸುತ್ತಿಕೊಂಡು ಓಡಾಡು. ನಿನಗೆ ಚಿಕ್ಕಂದಿನಿಂದಲೂ ಮೊದಲು ಕೆಡುವುದು ಗಂಟಲೇ.

ಇಂತು, ಊರಿಗೆಲ್ಲ ಚೌಕಿಯಮ್ಮ, ನಿನಗೊಬ್ಬಳಿಗೆ ಅಮ್ಮ,
ಫುಸಾಎ

ಮರುದಿನ ಸೇರಿಸಿದ್ದು:

ಚಿನಾತ್ಸು, ನಿನ್ನೆಯ ಪತ್ರವನ್ನು ಅಂಟು ಹಚ್ಚಿ ಇಟ್ಟಿದ್ದೆ. ಇವತ್ತು ಕಿತ್ತು ತೆಗೆದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಅದು ಚಳಿಗಲ್ಲ.

ಬೆಳಿಗ್ಗೆ ಚೌಕಿಯ ಈಗಿನ ಪೊಲೀಸ್ ನಿಶಿವಾಕಿಯವರು ನಮ್ಮ ಮನೆಗೆ ಬಂದಿದ್ದರು. ಚೌಕಿ ಖಾಲಿ ಮಾಡುವಾಗ ಬೀರುವಿನ ಹಿಂದೆ ಆ ಹಲಗೆ ಸಿಕ್ಕಿತಂತೆ. "ಎಸೀಬೇಕಾದ ಸಾಮಾನು, ಆದ್ರೆ ಮನಸ್ಸು ಬರ್ಲಿಲ್ಲ ಚೌಕಿಯಮ್ಮ," ಎಂದು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ನಿನ್ನಪ್ಪನಿಗೆ ತಮಾಷೆಯಾಗಲಿ ಎಂದು ಆಸ್ಪತ್ರೆಗೆ ಒಯ್ದೆ. ಊಟದ ಮೇಜಿನ ಮೇಲೆ ನಿಲ್ಲಿಸಿ, "ನೋಡ್ರೀ, ಹಳೇ ಸ್ನೇಹಿತ ಬಂದಿದಾನೆ," ಎಂದೆ. ಅವರು ಎಡಗೈಯಿಂದ ಅದನ್ನು ಎಳೆದುಕೊಂಡರು. ಕಷ್ಟಪಟ್ಟು ಹಿಂಬದಿಗೆ ತಿರುಗಿಸಿದರು. "ಇನ್ನೂ ಇಲ್ಲ," ಎಂದರು. ನಾನು ನಕ್ಕು, "ಗೊತ್ತಾಯ್ತು ಬಿಡ್ರೀ, ನಾನೂ ಇನ್ನೂ ಅನ್ನಕ್ಕಿಟ್ಟಿಲ್ಲ," ಎಂದೆ.

ಅವರಿಗೆ ಸಿಟ್ಟು ಬಂತು. ಎಷ್ಟೋ ದಿನದ ಮೇಲೆ ಆ ಮುಖದಲ್ಲಿ ಹಳೆಯ ಸಿಟ್ಟು ನೋಡಿದೆ. ತಲೆ ಅಲ್ಲಾಡಿಸಿದರು. ಎಡಗೈಯನ್ನು ಮಂಚದ ಪಕ್ಕಕ್ಕೆ ಚಾಚಿ, ಅಂಗೈಯನ್ನು ಗಾಳಿಯಲ್ಲಿ ಚಪ್ಪಟೆಯಾಗಿ ಹಿಡಿದರು. ನಾನು, "ಏನು, ಸ್ಟೂಲಾ? ಬಕೆಟ್ಟಾ?" ಎಂದು ಒಂದೊಂದೇ ಹೆಸರು ಹೇಳಿದೆ. ಕೈಯನ್ನು ಇನ್ನೂ ಸ್ವಲ್ಪ ತಗ್ಗಿಸಿದರು. ಆಮೇಲೆ ಆ ಕೈ ಗಾಳಿಯಲ್ಲೇ ನಿಧಾನವಾಗಿ ಹಿಂದೆ ಮುಂದೆ ಆಡಿತು, ಒಂದು ಮಗುವಿನ ತಲೆ ಸವರುವ ಹಾಗೆ.

ಅದು ನನಗೆ ಬರೆದದ್ದಲ್ಲ, ಚಿನಾತ್ಸು. ಇಷ್ಟು ವರ್ಷ ನನ್ನ ಅನ್ನದ ಸೂಚನೆ ಎಂದುಕೊಂಡು ಬೀಗಿದ್ದೆನಲ್ಲ, ಅದು ನಿನಗೆ ಬರೆದದ್ದು. ಮತ್ತೆ ನೋಡಿದೆ. ಆ ಬರಹ ಹಲಗೆಯ ಹಿಂಬದಿಗೆ ಬಂದದ್ದೂ ಊರೆಲ್ಲ ನಿನ್ನನ್ನು ಹುಡುಕಿದ ಆ ದಿನದ ನಂತರವೇ. ಒಂದೊಂದು ಅಕ್ಷರವೂ ಶಿಶುವಿಹಾರದ ಗೋಡೆಯ ಮೇಲಿನಷ್ಟು ದಪ್ಪ, ಅಷ್ಟೇ ದುಂಡಗೆ. ಹೆಂಡತಿಗೆ ಯಾರಾದರೂ ಹಾಗೆ ಬರೆಯುತ್ತಾರಾ? ನಾನು ಬಗ್ಗಿ ಓದಬೇಕಾಗಿತ್ತು ಎಂದೆನಲ್ಲ. ಬಗ್ಗದೆ ಓದುವವರು ಮನೆಯಲ್ಲಿ ಒಬ್ಬರೇ ಇದ್ದರು. ಊರಿಗೆ 'ತದಾಯಿಮಾ' ಎನ್ನುವ ಹಲಗೆ ಮಗಳಿಗೆ ಇನ್ನೆಂದೂ ಸುಳ್ಳು ಹೇಳಬಾರದೆಂದು, ಅಪ್ಪ ಇನ್ನೂ ಬಂದಿಲ್ಲ ಎಂದು ಅವಳಿಗಷ್ಟೇ ಹೇಳಲು ಬರೆದರು. ನೀನು ಇಣುಕಿದರೆ ಕಾಣಲಿ ಎಂದು ಬಾಗಿಲನ್ನು ಒಂದು ಗೇಣು ತೆರೆದಿಟ್ಟು ಹೋದರು. ಅವರು ತೆರೆದಿಟ್ಟ ಪ್ರತಿ ಸಲವೂ ಎದ್ದು ಹೋಗಿ ಮುಚ್ಚಿದವಳು ನಾನು. ಚಳಿ ಎಂದು.

ಅವರು ಬಾಯಿಬಿಟ್ಟು ಹೇಳಬಹುದಿತ್ತು. ನನಗೆ ಹೇಳಿದ್ದರೂ ಸಾಕಿತ್ತು. ನೀನು ಒಂದು ದಿನ ಆ ಬಾಗಿಲನ್ನು ಮುಟ್ಟಬಹುದಿತ್ತು. ಯಾರನ್ನು ಬೈಯಲಿ ತಿಳಿಯದೆ ಆಸ್ಪತ್ರೆಯ ಪಡಸಾಲೆಯಲ್ಲಿ ನಿಂತು ಅತ್ತೆ.

ಇನ್ನೊಂದು. ನರ್ಸ್ ತಟ್ಟೆ ತಂದಾಗ ಅವರು ನೋಡುವುದು ತಟ್ಟೆಯನ್ನಲ್ಲ. ಇವತ್ತು ಗಮನಿಸಿದೆ. ಬಾಗಿಲು ಸರಿದಾಗಲೆಲ್ಲ ತಲೆಯೆತ್ತಿ ಬಾಗಿಲಲ್ಲಿ ಯಾರು ಎಂದು ನೋಡುತ್ತಾರೆ, ಆಮೇಲೆ ತಲೆದಿಂಬಿಗೆ ಒರಗಿ "ಇನ್ನೂ ಇಲ್ಲ" ಎನ್ನುತ್ತಾರೆ. ನಾನು ಅದಕ್ಕೆ ಹಸಿವಿಲ್ಲ ಎಂದು ಅರ್ಥ ಹೇಳಿ, ಅವರ ಊಟವನ್ನು ತಿರುಗಿ ಕಳಿಸುತ್ತಿದ್ದೆ.

ಹಲಗೆಯನ್ನು ಈ ಪತ್ರದ ಜೊತೆ ಕಳಿಸೋಣವೆಂದುಕೊಂಡೆ. ಅವರು ಕೈಯಿಂದ ಬಿಡುತ್ತಿಲ್ಲ. ನೀನೇ ಬಂದು ನೋಡಬೇಕು.

ಗೋಡೆಯ ಬಗ್ಗೆ ನಿನ್ನೆ ಬರೆದದ್ದನ್ನು ಹೊಡೆದುಹಾಕು. ಒಂದು ಬಾಗಿಲು ಇರಲಿ, ಸಣ್ಣದಾದರೂ ಪರವಾಗಿಲ್ಲ. ಆದರೆ ಅದಕ್ಕೆ ಆಮೇಲೆ ಸಮಯವಿದೆ, ಮೊದಲು ಬಸ್ಸು ಹತ್ತು. ಬಂದು ದೊಡ್ಡ ಮಾತೇನೂ ಆಡಬೇಕಾಗಿಲ್ಲ. ಆಸ್ಪತ್ರೆಯ ಆ ಬಾಗಿಲನ್ನು ಸರಿಸಿ, ಹೊಸ್ತಿಲಲ್ಲಿ ನಿಂತು, ಚಿಕ್ಕಂದಿನಲ್ಲಿ ಓದಿದೆಯಲ್ಲ, ಅದನ್ನೇ ಹೇಳು. ತದಾಯಿಮಾ ಅನ್ನು.